ಶಾಲೆ ಶುರುವಾಗುವ ಮುಂಚೆ ಒಂದು ವಾರ: ಬಣ್ಣ, ಕತ್ತರಿ, ಕಾಗದ

ಹೊಸ ಬ್ಯಾಗು ಬಂದಿದೆ. ಪುಸ್ತಕಗಳಿಗೆ ಬೈಂಡ್ ಹಾಕಿಯಾಗಿದೆ. ಆದರೂ ಮಗು ಮತ್ತೆ ಮತ್ತೆ ಕೇಳುತ್ತದೆ: "ಅಮ್ಮಾ, ಹೊಸ ಟೀಚರ್ ಹೇಗಿರ್ತಾರೆ? ನನ್ನ ಪಕ್ಕ ಯಾರು ಕೂರ್ತಾರೆ?" ಇದಕ್ಕೆಲ್ಲ ನಮ್ಮ ಹತ್ತಿರ ಉತ್ತರ ಎಲ್ಲಿದೆ? ಆದರೆ ಆ ಪುಟ್ಟ ಕೈಗಳಿಗೆ ಒಂದು ಕೆಲಸ ಕೊಟ್ಟರೆ ಒಳಗಿನ ತಳಮಳ ಸ್ವಲ್ಪ ಇಳಿಯುತ್ತದೆ. ನಾನು ಹೇಳುತ್ತಿರುವುದು ಸುಮ್ನೆ ಹೊತ್ತು ಕಳೆಯುವ ಕೆಲಸವಲ್ಲ. ಮೊದಲ ವಾರ ಮಗುವಿಗೆ ನಿಜಕ್ಕೂ ಬೇಕಾಗುವ ವಸ್ತುಗಳನ್ನು ಮಗುವೇ ಮಾಡಿಕೊಳ್ಳುವುದು. ಹೆಸರಿನ ಚೀಟಿ, ಪುಟ ಗುರುತಿಗೆ ಬುಕ್‌ಮಾರ್ಕ್, ಬೆಳಿಗ್ಗೆ ಏಳುವುದರಿಂದ ಹೊರಡುವವರೆಗಿನ ಕೆಲಸ ನೆನಪಿಸುವ ಚಕ್ರ, ಬ್ಯಾಗಿನಲ್ಲಿ ಜೊತೆಗೆ ಹೋಗುವ ಒಂದು ಕಾಗದದ ಕೈ. ದಿನಕ್ಕೊಂದು ಮಾಡಿದರೆ ಸಾಕು. ಒಂದೇ ದಿನ ಎಲ್ಲವನ್ನೂ ಮುಗಿಸಲು ಹೋಗಬೇಡಿ.

ಮೊದಲು ಸಾಮಾನು

ಎರಡು ಬಗೆಯ ಹಾಳೆ ಇರಲಿ. ಮಡಚುವ ಕೆಲಸಕ್ಕೆ ಮಾಮೂಲಿ ಜೆರಾಕ್ಸ್ ಹಾಳೆ. ಇದು 70ರಿಂದ 80 ಜಿಎಸ್‌ಎಂ ಇರುತ್ತದೆ. ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ 70ರಿಂದ 80 ಗ್ರಾಂ. ಬಣ್ಣದ ನೀರು ಬಳಿಯುವುದಕ್ಕೆ, ಚಕ್ರಕ್ಕೆ, ಹೆಸರಿನ ಚೀಟಿಗೆ 200 ಜಿಎಸ್‌ಎಂ ಆಸುಪಾಸಿನ ದಪ್ಪ ಡ್ರಾಯಿಂಗ್ ಶೀಟ್ ಬೇಕು. ತೆಳು ಹಾಳೆಗೆ ನೀರು ತಾಗಿದರೆ ಉಬ್ಬಿ ಸುಕ್ಕಾಗುತ್ತದೆ, ಮಗುವಿಗೆ ಬೇಜಾರಾಗುತ್ತದೆ.

ತುದಿ ದುಂಡಗಿರುವ ಕತ್ತರಿ, ಗ್ಲೂ ಸ್ಟಿಕ್, ಮೇಣದ ಕ್ರಯಾನ್ಸ್, ವಾಟರ್ ಕಲರ್, ಒಂದು ದಪ್ಪ ಬ್ರಶ್, ಸ್ಕೇಲು, ಕೈವಾರ. ಇಷ್ಟೇ. ಐವತ್ತು ಬಣ್ಣಗಳ ಡಬ್ಬಿ ಬೇಕಿಲ್ಲ. 1903ರಲ್ಲಿ ಬಂದ ಕ್ರಯೋಲಾ ಎಂಬ ಬ್ರ್ಯಾಂಡಿನ ಕ್ರಯಾನ್ಸ್‌ನ ಮೊದಲ ಡಬ್ಬಿಯಲ್ಲಿ ಇದ್ದದ್ದೇ ಎಂಟು ಬಣ್ಣ. ಬಣ್ಣ ಕಡಿಮೆ ಇದ್ದಾಗ ಮಗು ಒಂದರ ಮೇಲೆ ಒಂದು ತೀಡಿ ತನಗೆ ಬೇಕಾದ ಬಣ್ಣ ಮಾಡಿಕೊಳ್ಳುತ್ತದೆ. ಹಳದಿಯ ಮೇಲೆ ನೀಲಿ ತೀಡಿ ಹಸಿರು ಬಂದಾಗ ಅದರ ಮುಖ ನೋಡಬೇಕು! ಒಂದು ಮಾತು ನೆನಪಿರಲಿ: ಮೊದಲು ತಿಳಿ ಬಣ್ಣ, ಆಮೇಲೆ ಗಾಢ ಬಣ್ಣ. ನೀಲಿಯ ಮೇಲೆ ಹಳದಿ ತೀಡಿದರೆ ಹಳದಿ ಕ್ರಯಾನಿನ ತುದಿಯೇ ಕೊಳೆಯಾಗುತ್ತದೆ.

ಮುರಿದ ಕ್ರಯಾನ್ಸ್ ಎಸೆಯಬೇಡಿ. ಎರಡು ಮೂರು ಸೆಂಟಿಮೀಟರಿನ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲೇ ಹಿಡಿಯಬೇಕು. ಪೆನ್ಸಿಲ್ ಹಿಡಿಯುವುದೂ ಹೀಗೆಯೇ ಅಲ್ವಾ? ಚಿಕ್ಕ ಮಕ್ಕಳಿಗೆ ನಾನು ಬೇಕೆಂದೇ ತುಂಡುಗಳನ್ನು ಕೊಡುತ್ತೇನೆ.

ಕತ್ತರಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೆಬ್ಬೆರಳು ಯಾವಾಗಲೂ ಮೇಲಿನ ತೂತಿನಲ್ಲಿ, ಆಕಾಶ ನೋಡುವ ಹಾಗೆ ಇರಲಿ. ತಿರುವು ಬಂದಾಗ ತಿರುಗಬೇಕಾದ್ದು ಕತ್ತರಿಯಲ್ಲ, ಕಾಗದ. ಕತ್ತರಿ ಹಿಡಿದ ಕೈ ಒಂದೇ ಕಡೆ ಇದ್ದು, ಇನ್ನೊಂದು ಕೈ ಕಾಗದವನ್ನು ನಿಧಾನವಾಗಿ ತಿರುಗಿಸುತ್ತಾ ಹೋಗಬೇಕು. ಮಗು ಎಡಗೈಯದ್ದಾದರೆ ಎಡಗೈ ಕತ್ತರಿಯನ್ನೇ ಕೊಡಿ. ಮಾಮೂಲಿ ಕತ್ತರಿಯ ಅಲಗುಗಳು ಬಲಗೈಗೆ ಹೊಂದುವಂತೆ ಜೋಡಿಸಿರುತ್ತವೆ. ಎಡಗೈಯಲ್ಲಿ ಹಿಡಿದರೆ ಕತ್ತರಿಸುವ ಗೆರೆ ಮೇಲಿನ ಅಲಗಿನ ಹಿಂದೆ ಮರೆಯಾಗುತ್ತದೆ, ಕಾಗದ ಕತ್ತರಿಸುವ ಬದಲು ಅಲಗುಗಳ ನಡುವೆ ಮಡಚಿಕೊಳ್ಳುತ್ತದೆ. ತಪ್ಪು ಮಗುವಿನದಲ್ಲ. ಮೂರು, ನಾಲ್ಕು ವರ್ಷದವರಿಗೆ ಕತ್ತರಿ ಇನ್ನೂ ಕಷ್ಟ ಅನ್ನಿಸಿದರೆ ಹರಿಯಲು ಬಿಡಿ. ಹರಿದ ತುಂಡುಗಳನ್ನು ಅಂಟಿಸುವುದೂ ಒಳ್ಳೆಯ ಕೆಲಸವೇ.

ಕಾಗದಕ್ಕೂ ಒಂದು ದಿಕ್ಕಿದೆ

ಶುರು ಮಾಡುವ ಮುಂಚೆ ಮಗುವಿನ ಕೈಗೆ ಹಳೆಯ ದಿನಪತ್ರಿಕೆಯ ಒಂದು ಹಾಳೆ ಕೊಡಿ. ಮೇಲಿನಿಂದ ಕೆಳಕ್ಕೆ ಹರಿಯಲಿ. ಆಮೇಲೆ ಎಡದಿಂದ ಬಲಕ್ಕೆ ಹರಿಯಲಿ. ಒಂದು ಕಡೆಗೆ ಪಟ್ಟಿ ಸರಸರ ನೇರವಾಗಿ ಬರುತ್ತದೆ. ಇನ್ನೊಂದು ಕಡೆಗೆ ಎಷ್ಟೇ ಜೋಪಾನ ಮಾಡಿದರೂ ಸೊಟ್ಟ ಹೋಗುತ್ತದೆ. ಕಾರ್ಖಾನೆಯಲ್ಲಿ ಕಾಗದ ತಯಾರಾಗುವಾಗ ನೀರಿನಲ್ಲಿ ತೇಲುವ ನಾರುಗಳು ಯಂತ್ರ ಓಡುವ ದಿಕ್ಕಿಗೇ ಸಾಲಾಗಿ ಮಲಗುತ್ತವೆ. ಅದೇ ಕಾರಣ. ನಾರಿನ ಉದ್ದಕ್ಕೆ ಹರಿದರೆ ನೇರ, ಅಡ್ಡಕ್ಕೆ ಹರಿದರೆ ಸೊಟ್ಟ. ಮಡಚುವಾಗಲೂ ಹೀಗೆಯೇ. ದಪ್ಪ ಹಾಳೆಯನ್ನು ನಾರಿಗೆ ಅಡ್ಡವಾಗಿ ಮಡಚಿದರೆ ಮಡಿಕೆಯ ಮೇಲೆ ಸಣ್ಣ ಸಣ್ಣ ಬಿರುಕು ಕಾಣುತ್ತವೆ. ಮಡಚುವ ಮುಂಚೆ ಹಾಳೆಯನ್ನು ಎರಡೂ ಕಡೆ ಮೆಲ್ಲಗೆ ಬಗ್ಗಿಸಿ ನೋಡಿ. ಯಾವ ಕಡೆ ಸುಲಭವಾಗಿ ಬಾಗುತ್ತದೋ ಆ ಕಡೆಗೆ ನಾರು ಅನುಕೂಲವಾಗಿದೆ ಅಂತ ಅರ್ಥ. ಇದನ್ನು ಒಮ್ಮೆ ಕೈಯಾರೆ ಕಂಡ ಮಗು ಆಮೇಲೆ "ನಂಗೆ ಬರಲ್ಲ" ಅನ್ನುವುದು ಕಡಿಮೆಯಾಗುತ್ತದೆ.

ಅಡಗಿ ಕೂತ ಹೆಸರು

ದಪ್ಪ ಹಾಳೆಯಲ್ಲಿ 15 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಚೀಟಿ ಕತ್ತರಿಸಿ. ಬಿಳಿ ಕ್ರಯಾನಿನಲ್ಲಿ ಮಗು ತನ್ನ ಹೆಸರನ್ನು ದೊಡ್ಡದಾಗಿ, ಗಟ್ಟಿಯಾಗಿ ಒತ್ತಿ ಬರೆಯಲಿ. ಬಿಳಿ ಕ್ರಯಾನ್ ಇಲ್ಲದಿದ್ದರೆ ಮೇಣದಬತ್ತಿಯ ತುಂಡೂ ನಡೆಯುತ್ತದೆ. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರ ಕಾಣುವುದಿಲ್ಲ. ಎಲ್ಲಿಯವರೆಗೆ ಬರೆದೆ ಅಂತ ಗೊತ್ತಾಗದಿದ್ದರೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮೇಣ ಮೆತ್ತಿದ ಜಾಗ ಮಾತ್ರ ಹೊಳೆಯುತ್ತದೆ. ಅಕ್ಷರ ಇನ್ನೂ ಬಾರದ ಮಗು ತನಗಿಷ್ಟವಾದ ಚಿತ್ರ ಬರೆಯಲಿ, ಅದೇ ಅದರ ಗುರುತು.

ಈಗ ವಾಟರ್ ಕಲರನ್ನು ನೀರಾಗಿ ಕಲಸಿ, ದಪ್ಪ ಬ್ರಶ್ಶಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಬಳಿಯಿರಿ. ಮೇಣ ನೀರನ್ನು ಹತ್ತಿರ ಸೇರಿಸುವುದಿಲ್ಲ. ಬಣ್ಣದ ನೀರು ಅಕ್ಷರದ ಮೇಲಿನಿಂದ ಸಣ್ಣ ಹನಿಗಳಾಗಿ ಜಾರಿ ಪಕ್ಕಕ್ಕೆ ಸರಿಯುತ್ತದೆ, ಹೆಸರು ಬೆಳ್ಳಗೆ ಎದ್ದು ಬರುತ್ತದೆ. ಬಣ್ಣ ಗಟ್ಟಿಯಿದ್ದರೆ ಅಕ್ಷರವನ್ನೂ ಮುಚ್ಚಿಬಿಡುತ್ತದೆ, ಅದಕ್ಕೇ ನೀರು ಜಾಸ್ತಿ ಇರಲಿ. ಪೂರ್ತಿ ಒಣಗಿದ ಮೇಲೆ ಚೀಟಿಯನ್ನು ಎರಡು ಖಾಲಿ ಹಾಳೆಗಳ ನಡುವೆ ಇಟ್ಟು, ಮೇಲೆ ನಾಲ್ಕು ದಪ್ಪ ಪುಸ್ತಕ ಪೇರಿಸಿ ಒಂದು ರಾತ್ರಿ ಬಿಟ್ಟರೆ ಚಪ್ಪಟೆಯಾಗುತ್ತದೆ. ಓದುವ ಮೇಜಿಗೋ ಪುಸ್ತಕದ ಕಪಾಟಿಗೋ ಅಂಟಿಸಿ.

ಈ ಚೀಟಿಯನ್ನು ಮೊದಲ ಸಲ ಮಾಡಿದಾಗ ನನ್ನ ಮಗಳು ಅಂಚನ್ನು ಸೊಟ್ಟ ಕತ್ತರಿಸಿದ್ದಳು. ಅವಳು ಮಲಗಿದ ಮೇಲೆ ನಾನು ಸ್ಕೇಲಿಟ್ಟು ಅದನ್ನು ನೇರ ಮಾಡಿಟ್ಟೆ. ಬೆಳಿಗ್ಗೆ ಎದ್ದು ನೋಡಿದವಳು ಅದನ್ನು ನನ್ನ ಕೈಗೆ ಕೊಟ್ಟು, "ಇದು ನಂದಲ್ಲ ಅಮ್ಮ, ನಿಂದು" ಅಂದಳು. ಮತ್ತೆ ಅದನ್ನು ಮುಟ್ಟಲಿಲ್ಲ. ಅಂದಿನಿಂದ ಮಕ್ಕಳು ಮಾಡಿದ್ದಕ್ಕೆ ನಾನು ಕತ್ತರಿ ತಾಗಿಸುವುದಿಲ್ಲ. ನೀವೂ ತಾಗಿಸಬೇಡಿ. ಮಗು ಕೇಳಿದರೆ ಇನ್ನೊಂದು ಹಾಳೆಯಲ್ಲಿ ನೀವು ಮಾಡಿ ತೋರಿಸಿ, ಅದರ ಹಾಳೆ ಅದಕ್ಕೇ ಇರಲಿ.

ಪುಟದ ಮೂಲೆಗೆ ಟೋಪಿ

ಎ4 ಹಾಳೆ 21 ಸೆಂ.ಮೀ. ಅಗಲ, 29.7 ಸೆಂ.ಮೀ. ಉದ್ದ ಇರುತ್ತದೆ. ಗಿಡ್ಡ ಅಂಚನ್ನು ಪಕ್ಕದ ಉದ್ದ ಅಂಚಿಗೆ ಸರಿಯಾಗಿ ಕೂರಿಸಿ ಮಡಚಿ, ಹೊರಗೆ ಉಳಿದ ಪಟ್ಟಿಯನ್ನು ಕತ್ತರಿಸಿದರೆ 21 ಸೆಂ.ಮೀ. ಚೌಕ ಸಿಗುತ್ತದೆ. ಅದನ್ನು ನಾಲ್ಕು ಮಾಡಿದರೆ 10.5 ಸೆಂ.ಮೀ.ನ ನಾಲ್ಕು ಚೌಕ. ಒಂದು ಹಾಳೆಯಲ್ಲಿ ನಾಲ್ಕು ಬುಕ್‌ಮಾರ್ಕ್ ಆಯಿತು. ಉಳಿದ ಪಟ್ಟಿ 8.7 ಸೆಂ.ಮೀ. ಅಗಲವಿರುತ್ತದೆ. ಅದನ್ನು ಉದ್ದಕ್ಕೆ ಎರಡಾಗಿ ಸೀಳಿದರೆ ಇನ್ನೂ ಎರಡು ಉದ್ದನೆಯ ಬುಕ್‌ಮಾರ್ಕ್.

ಚೌಕದ ಒಂದು ಮುಖಕ್ಕೆ ಮಗು ಮೊದಲೇ ಬಣ್ಣ ತುಂಬಲಿ. ಮಡಚಿದ ಮೇಲೆ ತುಂಬಿದರೆ ಮಡಿಕೆಗಳ ಹತ್ತಿರ ಬಿಳಿ ಗೆರೆ ಉಳಿಯುತ್ತದೆ.

1. ಬಣ್ಣದ ಮುಖ ಕೆಳಗಿರಲಿ. ಮೂಲೆಗೆ ಮೂಲೆ ಸೇರಿಸಿ ತ್ರಿಕೋನ ಮಾಡಿ. ಉದ್ದನೆಯ ಅಂಚು ನಿಮ್ಮ ಕಡೆ, ಚೂಪು ತುದಿ ಆ ಕಡೆ.

2. ಬಲ ಮೂಲೆಯನ್ನೂ ಎಡ ಮೂಲೆಯನ್ನೂ ಮೇಲಿನ ತುದಿಗೆ ತಂದು ಮಡಚಿ. ಉಗುರಿನಿಂದ ತೀಡಿ ಗೆರೆ ಮೂಡಿಸಿ, ಬಿಚ್ಚಿ.

3. ಮೇಲಿನ ತುದಿಯಲ್ಲಿ ಎರಡು ಪದರ ಇವೆ. ಮೇಲಿನ ಒಂದು ಪದರವನ್ನು ಮಾತ್ರ ಕೆಳಗೆ ತಂದು ಉದ್ದ ಅಂಚಿನ ನಡುವಿಗೆ ತಾಗುವಂತೆ ಮಡಚಿ. ಈಗ ಒಂದು ಜೇಬು ಆಗಿದೆ.

4. ಎರಡೂ ಪಕ್ಕದ ಮೂಲೆಗಳನ್ನು ಮೊದಲಿನ ಗೆರೆಯಲ್ಲೇ ಮತ್ತೆ ಮೇಲೆತ್ತಿ, ತುದಿಗಳನ್ನು ಆ ಜೇಬಿನೊಳಗೆ ಸಿಕ್ಕಿಸಿ.

ಐದು ಸೆಂಟಿಮೀಟರಿಗಿಂತ ಸ್ವಲ್ಪ ದೊಡ್ಡದಾದ ಪುಟ್ಟ ಚೌಕ ಸಿದ್ಧ. ಅದನ್ನು ಪುಟದ ಮೂಲೆಗೆ ಟೋಪಿಯಂತೆ ತೊಡಿಸಿದರೆ ಆಯಿತು. ಮುಂಭಾಗಕ್ಕೆ ಕಣ್ಣು ಬರೆದು, ಮೇಲೆ ಬಿಳಿಯಾಗಿ ಉಳಿದ ತ್ರಿಕೋನದಲ್ಲಿ ಹಲ್ಲು ಬರೆದರೆ ಪುಟವನ್ನು ಕಚ್ಚಿ ಹಿಡಿದ ಪ್ರಾಣಿಯಂತೆ ಕಾಣುತ್ತದೆ. ಆರು ವರ್ಷದೊಳಗಿನವರಿಗೆ ಮೂರನೇ ಹಂತದಲ್ಲಿ ನಿಮ್ಮ ಸಹಾಯ ಬೇಕಾಗಬಹುದು. ಒಂದು ಮಾಡಿ ಪಕ್ಕದಲ್ಲಿ ಕೂರುವ ಹೊಸ ಗೆಳೆಯನಿಗೆ ಕೊಡಲಿ. ಮಾತು ಶುರು ಮಾಡಲು ಅಷ್ಟು ಸಾಕು.

ಜರ್ಮನಿಯಲ್ಲಿ 1837ರಲ್ಲಿ ಚಿಕ್ಕ ಮಕ್ಕಳಿಗಾಗಿಯೇ ಶಾಲೆ ತೆರೆದ ಫ್ರೆಡ್ರಿಕ್ ಫ್ರೋಬೆಲ್ ಅವರು ಕಾಗದ ಮಡಚುವುದು, ಕತ್ತರಿಸುವುದು, ಪಟ್ಟಿ ಹೆಣೆಯುವುದನ್ನು ಕಲಿಕೆಯ ಭಾಗವನ್ನಾಗಿಯೇ ಮಾಡಿದ್ದರು. ಕಿಂಡರ್‌ಗಾರ್ಟನ್ ಎಂಬ ಹೆಸರು ಕೊಟ್ಟವರೂ ಅವರೇ. ಚೌಕದಿಂದ ತ್ರಿಕೋನ, ಅರ್ಧ, ಕಾಲು ಅನ್ನುವುದನ್ನೆಲ್ಲ ಮಗು ಮೊದಲು ಬೆರಳಿನಿಂದ ಕಲಿಯುತ್ತದೆ.

ಬೆಳಗಿನ ಚಕ್ರ

ಬೆಳಿಗ್ಗೆ "ಹಲ್ಲುಜ್ಜಿದೆಯಾ? ಬ್ಯಾಗ್ ತಗೊಂಡೆಯಾ?" ಅಂತ ಕೂಗಾಡುವ ಬದಲು ಗೋಡೆಯ ಮೇಲೆ ಈ ಚಕ್ರ ಇರಲಿ. ದಪ್ಪ ಹಾಳೆಯ ಮೇಲೆ ಕೈವಾರದಿಂದ 8 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಕೈವಾರದ ಅಳತೆ ಬದಲಿಸಬೇಡಿ. ವೃತ್ತದ ಅಂಚಿನ ಮೇಲೆ ಮುಳ್ಳನ್ನು ಇಟ್ಟು ಮುಂದಕ್ಕೆ ಒಂದು ಗುರುತು, ಆ ಗುರುತಿನ ಮೇಲೆ ಮುಳ್ಳಿಟ್ಟು ಇನ್ನೊಂದು, ಹೀಗೆ ಹೋದರೆ ಸರಿಯಾಗಿ ಆರು ಗುರುತಿಗೆ ಶುರು ಮಾಡಿದಲ್ಲಿಗೇ ಬಂದು ನಿಲ್ಲುತ್ತೀರಿ. ಆರನ್ನೂ ನಡುವಿಗೆ ಸೇರಿಸಿದರೆ ಆರು ಸಮ ಭಾಗ. ಏಳುವುದು, ಹಲ್ಲುಜ್ಜುವುದು, ಸ್ನಾನ, ತಿಂಡಿ, ಬಟ್ಟೆ, ಬ್ಯಾಗು. ಒಂದೊಂದಕ್ಕೆ ಒಂದೊಂದು ಚಿತ್ರ, ಮಗುವೇ ಬರೆದು ಬಣ್ಣ ತುಂಬಲಿ. ಮೊದಲು ಅಂಚಿನ ಗೆರೆಯ ಒಳಗಡೆ ಗಟ್ಟಿಯಾಗಿ ತೀಡಿ, ಆಮೇಲೆ ನಡುವೆ ಸಣ್ಣ ಸಣ್ಣ ಸುತ್ತುಗಳಲ್ಲಿ ತುಂಬಿದರೆ ಬಣ್ಣ ಹೊರಗೆ ಹೋಗುವುದು ಕಡಿಮೆ.

ಇನ್ನೊಂದು ಹಾಳೆಯಲ್ಲಿ 7.5 ಸೆಂ.ಮೀ. ತ್ರಿಜ್ಯದ ವೃತ್ತ ಮಾಡಿ, ಇದೇ ರೀತಿ ಆರು ಭಾಗ ಮಾಡಿ, ಒಂದು ಭಾಗವನ್ನು ಕತ್ತರಿಸಿ ತೆಗೆಯಿರಿ. ನಡುವಿನವರೆಗೂ ಕತ್ತರಿಸಬೇಡಿ. ನಡುಬಿಂದುವಿನಿಂದ ಒಂದೂವರೆ ಸೆಂಟಿಮೀಟರ್ ಬಿಡಿ, ಇಲ್ಲದಿದ್ದರೆ ಪಿನ್ ಹಾಕಿದ ಜಾಗ ಎರಡೇ ದಿನಕ್ಕೆ ಹರಿಯುತ್ತದೆ. ಎರಡೂ ವೃತ್ತಗಳ ನಡುವಿಗೆ ತೂತು ಬೇಕು. ಕೆಳಗೆ ರಬ್ಬರ್ ಇಟ್ಟು ಕೈವಾರದ ಮುಳ್ಳಿನಿಂದ ದೊಡ್ಡವರೇ ಚುಚ್ಚಿ. ಎರಡು ಕಾಲುಗಳನ್ನು ಹಿಂದೆ ಅಗಲಿಸುವ ಪಿನ್ ಹಾಕಿ. ಒಂದೊಂದು ಕೆಲಸ ಮುಗಿದಂತೆ ಮಗು ಮೇಲಿನ ವೃತ್ತ ತಿರುಗಿಸುತ್ತದೆ, ಮುಂದಿನ ಚಿತ್ರ ಕಿಟಕಿಯಲ್ಲಿ ಬರುತ್ತದೆ. ಶಾಲೆ ಶುರುವಾಗುವ ಎರಡು ಮೂರು ದಿನ ಮುಂಚೆಯೇ ಇದನ್ನು ಬಳಸಲು ಶುರು ಮಾಡಿ.

ಕೈಯೊಳಗೆ ಕೈ

ಇದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಿ. ಒಂದು ಬಣ್ಣದ ಹಾಳೆಯ ಮೇಲೆ ನಿಮ್ಮ ಕೈ ಇಡಿ, ಮಗು ಸುತ್ತ ಗೆರೆ ಎಳೆಯಲಿ. ಬೇರೆ ಬಣ್ಣದ ಹಾಳೆಯ ಮೇಲೆ ಮಗುವಿನ ಕೈ, ನೀವು ಗೆರೆ ಎಳೆಯಿರಿ. ಪೆನ್ಸಿಲ್ ನೆಟ್ಟಗೆ ನಿಂತಿರಬೇಕು. ಓರೆಯಾದರೆ ಬೆರಳಿನ ಕೆಳಗೆ ನುಗ್ಗಿ ಚಿತ್ರದ ಬೆರಳು ಸಣ್ಣದಾಗುತ್ತದೆ. ಬೆರಳ ಸಂದಿಗೆ ಪೆನ್ಸಿಲ್ ಹೋದಾಗ ಕಚಗುಳಿಯಾಗಿ ಮಗು ಕೈ ಎಳೆದುಕೊಳ್ಳುತ್ತದೆ, ಗೆರೆ ಕದಲುತ್ತದೆ. ಕದಲಲಿ ಬಿಡಿ.

ಎರಡನ್ನೂ ಕತ್ತರಿಸಿ. ಸಂದಿಗಳನ್ನು ಕತ್ತರಿಸುವಾಗ ಪ್ರತಿ ಬೆರಳಿನ ತುದಿಯಿಂದ ಕೆಳಕ್ಕೆ ಬಂದು ನಿಲ್ಲಿಸಿ, ಕತ್ತರಿ ಹೊರತೆಗೆದು, ಪಕ್ಕದ ಬೆರಳಿನ ತುದಿಯಿಂದ ಮತ್ತೆ ಬನ್ನಿ. ಚಿಕ್ಕ ಕೈಯನ್ನು ದೊಡ್ಡ ಕೈಯ ಅಂಗೈ ಮೇಲೆ ಇಟ್ಟು ಮಣಿಕಟ್ಟಿನ ಹತ್ತಿರ ಮಾತ್ರ ಗ್ಲೂ ಸ್ಟಿಕ್ ಹಚ್ಚಿ ಅಂಟಿಸಿ. ಬೆರಳುಗಳು ಬಿಡಿಯಾಗಿರಲಿ. ದೊಡ್ಡ ಕೈಯ ಬೆರಳುಗಳನ್ನು ಒಳಕ್ಕೆ ಮಡಚಿದರೆ ಅದು ಚಿಕ್ಕ ಕೈಯನ್ನು ಹಿಡಿದುಕೊಳ್ಳುತ್ತದೆ. ಹಿಂದೆ ತಾರೀಖು ಬರೆದು ಬ್ಯಾಗಿನ ಒಳಜೇಬಿನಲ್ಲಿಡಿ. ಅಳು ಬಂದಾಗ ಮಗು ಜೇಬಿಗೆ ಕೈ ಹಾಕಿ ಬೆರಳು ಬಿಡಿಸಿ ಮಡಚಿ ನೋಡಬಹುದು. ಯಾರಿಗೂ ಹೇಳಬೇಕಾಗಿಲ್ಲ.

ಎರಡೂ ಕೈಗಳ ಗೆರೆಯನ್ನು ಒಂದು ರಟ್ಟಿನ ಮೇಲೂ ಎಳೆದು, ಕತ್ತರಿಸಿ ಇಟ್ಟುಕೊಂಡಿರಿ. ಬ್ಯಾಗಿನಲ್ಲಿ ಪುಸ್ತಕಗಳ ಜೊತೆ ತಿಕ್ಕಾಡಿ ಕಾಗದದ ಕೈ ಒಂದು ವಾರದಲ್ಲಿ ಮುದುಡುತ್ತದೆ. "ಅಮ್ಮಾ, ಕೈ ಹರಿದುಹೋಯ್ತು" ಅಂತ ಮಗು ಬಂದರೆ, ಸಂಜೆ ಅದೇ ರಟ್ಟಿನ ಅಚ್ಚಿಟ್ಟು ಇನ್ನೊಂದನ್ನು ಜೊತೆಯಲ್ಲೇ ಕೂತು ಕತ್ತರಿಸಿಕೊಡಿ.