ಬ್ರೌಸರ್ ನುಂಗಿದ ತಂಬೂರಿ ಮರಳಿ ಸಿಕ್ಕಿದ್ದು

“ಸ್ವಿಚರ್ ಇಲ್ದ ಮೂರು ಕ್ಯಾಮೆರಾ ಲೈವ್ ಆಗಂಗಿಲ್ಲ, ಬ್ರೌಸರ್ ನಂಬಿ ಬೈಠಕ್ ಕೆಡಿಸಬ್ಯಾಡೋ ತಮ್ಮಾ” ಅಂದಿದ್ದರು ಹುಬ್ಬಳ್ಳಿಯ ಮದುವೆ ವಿಡಿಯೋದವರು. ಸ್ವಿಚರ್ (ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಬದಲಿಸುವ ಯಂತ್ರ), ಕ್ಯಾಮೆರಾ ಬಾಡಿಗೆ ದಿನಕ್ಕೆ 15 ಸಾವಿರದ ಸುಮಾರು. ಹೋದ ತಿಂಗಳು ಧಾರವಾಡದ ಮನೆಯ ಸಂಗೀತ ಬೈಠಕ್ಕನ್ನು ಮೂರು ಮೊಬೈಲ್, ಒಂದು ಹಳೇ ಲ್ಯಾಪ್‌ಟಾಪಿನಲ್ಲಿ ಎರಡೂವರೆ ತಾಸು ಕಡಿಯದಂತೆ ಲೈವ್ ಕಳಿಸಿದೆ.

ದಾರಿ ಇಷ್ಟೇ. ಮೊಬೈಲಿನ ಕ್ರೋಮ್‌ನಿಂದ ವಿಡಿಒ ನಿಂಜಾ (ಮೊಬೈಲಿನ ಚಿತ್ರವನ್ನು ಬ್ರೌಸರಿನಿಂದಲೇ ಲ್ಯಾಪ್‌ಟಾಪಿಗೆ ಕಳಿಸುವ ತಾಣ), ಓಬಿಎಸ್‌ನಲ್ಲಿ (ಚಿತ್ರ ಬದಲಿಸುತ್ತ ಲೈವ್ ಬಿಡುವ ತಂತ್ರಾಂಶ) ಅದನ್ನು ತೋರಿಸುವ ಬ್ರೌಸರ್ ಸೋರ್ಸ್, ಅಲ್ಲಿಂದ ಯೂಟ್ಯೂಬ್. ಯೂಟ್ಯೂಬಿಗೆ ಬಿಡುವ ಸೆಟ್ಟಿಂಗ್: 720ಪಿ, 2500 ಕೆಬಿಪಿಎಸ್, ಕೀಫ್ರೇಮ್ 2 ಸೆಕೆಂಡ್.

ಮೊದಲೆರಡು ಸಲ ಕೆಟ್ಟದ್ದು ಚಿತ್ರವಲ್ಲ, ತಂಬೂರಿ. ಲ್ಯಾಪ್‌ಟಾಪಿನ ಫ್ಯಾನ್ ಗುರುಗುಟ್ಟುತ್ತದೆಂದು ಅದನ್ನು ಪಕ್ಕದ ಕೋಣೆಯಲ್ಲಿಟ್ಟು, ಮೈಕನ್ನು ಮೊಬೈಲಿಗೇ ಹಾಕಿದ್ದೆ. ಗಾಯಕರು ಉಸಿರು ತೆಗೆದುಕೊಂಡರೆ ಸಾಕು, ತಂಬೂರಿ ಕರಗಿ ಮಾಯ. ಮೈಕಿನದೇ ತಪ್ಪೆಂದು ನಾಲ್ಕು ಸಾವಿರ ಕೊಟ್ಟು ಹೊಸದು ತಂದೆ. ಆ ದುಡ್ಡು ದಂಡ. ಬ್ರೌಸರಿನಲ್ಲಿ ಮಾತಿಗೆಂದೇ ಇರುವ, ಗದ್ದಲ ಅಳಿಸುವ ನಾಯ್ಸ್ ಸಪ್ರೆಶನ್‌ಗೆ ಒಂದೇ ಸಮನೆ ಮಿಡಿಯುವ ತಂಬೂರಿಯೂ ಗದ್ದಲವೇ. ಅದನ್ನೂ ಎಕೋ ಕ್ಯಾನ್ಸಲೇಶನ್ನನ್ನೂ ಆಟೋ ಗೇನನ್ನೂ ತೆಗೆದುಹಾಕಿ, ಸ್ಟೀರಿಯೋ ಮಾಡಿ, ಆಡಿಯೋ ಬಿಟ್‌ರೇಟ್ 128 ಕೆಬಿಪಿಎಸ್‌ಗೆ ಏರಿಸಿದೆ. ಆಟೋ ಗೇನ್ ಇದ್ದಾಗ ಆಲಾಪದ ಮೆಲುದನಿ ಉಬ್ಬಿ, ತಾನ್ (ವೇಗದ ಸ್ವರಗಳ ಓಟ) ಬಂದಾಗ ಕುಗ್ಗುತ್ತಿತ್ತು; ಅದೂ ನಿಂತಿತು. ತಂಬೂರಿಯ ಜವಾರಿ, ಅಂದರೆ ತಂತಿಯ ಝೇಂಕಾರ, ಹೆಡ್‌ಫೋನಿನಲ್ಲಿ ಕೇಳಿಸಿದಾಗ ನನ್ನ ಕಣ್ಣು ತುಂಬಿ ಬಂದವು.

ದನಿಗೆ ಒಂದೇ ಮೊಬೈಲ್, ಉಳಿದೆರಡು ಮ್ಯೂಟ್. ಮೂರರ ತುಟಿ-ದನಿ ಹೊಂದಿಸುವ ಬಗೆ ಬರೆಯುವುದಿಲ್ಲ, ಅದಕ್ಕಾಗಿಯೇ ನನ್ನನ್ನು ಕರೆಯುತ್ತಾರೆ. ಚಪ್ಪಾಳೆಯಿಂದ ಶುರುಮಾಡಿ ಅಂತಷ್ಟೇ ಹೇಳುತ್ತೇನೆ.

ಒಂದೇ ರೂಟರಿನಲ್ಲಿದ್ದರೆ ಮೊಬೈಲಿನಿಂದ ಲ್ಯಾಪ್‌ಟಾಪಿಗೆ ಬರುವ ವಿಡಿಯೋ ಮನೆಯೊಳಗೇ ಓಡುತ್ತದೆ, ಹೊರಗಿನ ಡೇಟಾ ತಿನ್ನುವುದಿಲ್ಲ. ವೈಫೈ 2.4 ಗಿಗಾಹರ್ಟ್ಸ್‌ನಲ್ಲಿ ಮುಗ್ಗರಿಸಿತು, 5ಕ್ಕೆ ಹಾಕಿದ ಮೇಲೆ ಸರಿಹೋಯಿತು. ಅಂಗಳದ ಮೊಬೈಲನ್ನು ಸಿಮ್ ಮೇಲೆ ಹಾಕಿದಾಗ ಮಾತ್ರ ಬರೀ ಕಪ್ಪು ಚೌಕ. ತಿಂಗಳಿಗೆ 500 ರೂಪಾಯಿಯ ಬಾಡಿಗೆ ಸರ್ವರಿನಲ್ಲಿ ಕೋಟರ್ನ್ (ನೇರ ದಾರಿ ಸಿಗದಾಗ ನಡುವೆ ನಿಂತು ವಿಡಿಯೋ ದಾಟಿಸುವ ತಂತ್ರಾಂಶ) ಹಾಕಿ 443ನೇ ಪೋರ್ಟಿನಿಂದ ಬಿಟ್ಟೆ, ಚಿತ್ರ ಬಂತು. ಆ ದಾರಿಯಲ್ಲಿ ಹೋದದ್ದು ಎರಡು ಜಿಬಿ ಮೇಲೆ.

ಇದೇ ಹುರುಪಿನಲ್ಲಿ ಗದಗಿನ ಶಿಷ್ಯನನ್ನು ಜಿಟ್ಸಿ ವಿಡಿಯೋ ಕರೆಯಲ್ಲಿ ಧಾರವಾಡದ ಗುರುಗಳ ಮುಂದೆ ಕೂರಿಸಿದೆ. ತಬಲಾ ಜೊತೆ ಕೂಡಲಿಲ್ಲ. ಅರೆಚಣ ತಡವಾದರೂ ಸಮ್ (ತಾಳದ ಮೊದಲ ಮಾತ್ರೆ) ತಪ್ಪುತ್ತದೆ. ಗುರುಗಳು ಹಾಡಿ, ಶಿಷ್ಯ ಮರಳಿ ಹಾಡಿದರೆ ಅಡ್ಡಿಯಿಲ್ಲ. ಎರಡೂ ಕಡೆ ತಂಬೂರಿ ಒಂದೇ ಶ್ರುತಿಗಿಟ್ಟು, ಹೆಡ್‌ಫೋನ್ ಹಾಕಿಕೊಂಡು, ಈಗ ವಾರಕ್ಕೆರಡು ಪಾಠ ನಡೆದಿವೆ.