ಸುಶಿ ಹಲಾಲೇ? ಮೀನಿಗಿಂತ ಮೊದಲು ಅನ್ನವನ್ನು ವಿಚಾರಿಸಿ

ಅಕ್ಕನ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಒಂದು ಮಧ್ಯಾಹ್ನ ಆಫೀಸಿನ ಗೆಳತಿಯರ ಜತೆ ಊಟಕ್ಕೆ ಹೋದವಳು ತಟ್ಟೆಯ ಫೋಟೊ ಕಳಿಸಿದಳು. ಕಪ್ಪು ಹಾಳೆಯಲ್ಲಿ ಸುತ್ತಿದ ಅನ್ನದ ಬಿಲ್ಲೆಗಳು, ನಡುವೆ ಕೇಸರಿ ಬಣ್ಣದ ಹಸಿ ಮೀನು, ಪಕ್ಕದಲ್ಲಿ ಒಂದು ಹಸಿರು ಮುದ್ದೆ, ಗುಲಾಬಿ ಬಣ್ಣದ ಶುಂಠಿ. ಕೆಳಗೆ ಒಂದೇ ಸಾಲು: "ಖಾಲಾ, ಮೀನು ಬೇಯಿಸಿಲ್ಲ. ತಿನ್ನಬಹುದಾ?"

ರಾಯಚೂರಿನ ಮನೆಯಲ್ಲಿ ಕೂತಿದ್ದ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವಳು ಅಂದು ಸೌತೆಕಾಯಿ ಮಾತ್ರ ತಿಂದು ಎದ್ದಳಂತೆ. ಆಮೇಲೆ ಮೌಲಾನಾ ಅವರನ್ನು ಕೇಳಿ, ಓದಿ, ಬಾಟಲಿಗಳ ಹಿಂಬದಿಯ ಚೀಟಿ ನೋಡಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾವು ಹೆದರುವುದು ಹಸಿ ಮೀನಿಗೆ. ತೊಡಕು ಇರುವುದು ಹೆಚ್ಚಾಗಿ ಅನ್ನದಲ್ಲಿ, ಸಾಸ್‌ನಲ್ಲಿ.

ಮೊದಲ ಹೆಜ್ಜೆ: ತಟ್ಟೆಯನ್ನು ಬಿಡಿಸಿ ನೋಡಿ

ಸುಶಿ ಎಂದರೆ ಹಸಿ ಮೀನು ಎಂದು ನಾನೂ ತಿಳಿದಿದ್ದೆ. ಬರೀ ಹಸಿ ಮೀನಿನ ಹೋಳಿಗೆ ಜಪಾನಿನಲ್ಲಿ ಸಾಶಿಮಿ ಎನ್ನುತ್ತಾರೆ. ಸುಶಿಯ ಜೀವ ಇರುವುದು ಸಿರ್ಕಾ (ವಿನೆಗರ್), ಸಕ್ಕರೆ, ಉಪ್ಪು ಬೆರೆಸಿದ ಅನ್ನದಲ್ಲಿ. ಅದರ ಮೇಲೆ ಮೀನು ಇಡಬಹುದು, ಮೊಟ್ಟೆ ಇಡಬಹುದು, ಬರೀ ಸೌತೆಕಾಯಿ ಇಟ್ಟರೂ ಅದು ಸುಶಿಯೇ. ಹಾಗಾಗಿ "ಸುಶಿ ಹಲಾಲೇ?" ಎಂದು ಒಟ್ಟಾಗಿ ಕೇಳಿದರೆ ಧಾರ್ಮಿಕ ತೀರ್ಪು ಹೇಳುವ ಯಾವ ಮುಫ್ತಿಯೂ ಒಂದೇ ಮಾತಿನಲ್ಲಿ ಉತ್ತರಿಸಲಾರರು. ಅನ್ನ, ಹಾಳೆ, ಒಳಗಿನ ಹೂರಣ, ಅದ್ದಿಕೊಳ್ಳುವ ಸಾಸ್ ಇವನ್ನು ಬೇರೆ ಬೇರೆಯಾಗಿ ಕೇಳಬೇಕು. ಕಪ್ಪು ಹಾಳೆಯ ಹೆಸರು ನೋರಿ. ಅದು ಸಮುದ್ರದ ಪಾಚಿ, ಅದರ ಬಗ್ಗೆ ಚಿಂತೆ ಬೇಡ. ಮಸಾಲೆ ಸವರಿದ್ದಾದರೆ ಮಾತ್ರ ಪೊಟ್ಟಣ ತಿರುಗಿಸಿ ಓದಿ.

ಎರಡನೆಯದು: ಮೀನು

ಕುರಾನಿನ ಐದನೇ ಅಧ್ಯಾಯ ಅಲ್ ಮಾಇದಾದ 96ನೇ ಆಯತ್ ಸಮುದ್ರದ ಬೇಟೆಯನ್ನೂ ಆಹಾರವನ್ನೂ ಧರ್ಮಸಮ್ಮತ ಎಂದಿದೆ. ಮೀನನ್ನು ಬಿಸ್ಮಿಲ್ಲಾ ಹೇಳಿ ಜಬಹ್ ಮಾಡಬೇಕಾಗಿಲ್ಲ, ಅಂದರೆ ಕತ್ತು ಕೊಯ್ಯಬೇಕಾಗಿಲ್ಲ. ಸತ್ತ ಪ್ರಾಣಿಗಳಲ್ಲಿ ಮೀನು ಮತ್ತು ಮಿಡತೆಗೆ ವಿನಾಯಿತಿ ಕೊಡುವ ಹದೀಸ್, ಅಂದರೆ ಪ್ರವಾದಿಯವರ ಮಾತು, ಇಬ್ನ್ ಮಾಜಾ ಸಂಗ್ರಹದಲ್ಲಿದೆ. ಬೇಯಿಸಿಯೇ ತಿನ್ನಬೇಕೆಂಬ ಷರತ್ತು ಎಲ್ಲೂ ಇಲ್ಲ. ಧರ್ಮದ ಮಟ್ಟಿಗೆ ಹಸಿ ಸಾಲ್ಮನ್, ಹಸಿ ಟ್ಯೂನಾ ಎರಡೂ ಹಲಾಲ್. ಮೀನಿನ ಮೊಟ್ಟೆಯೂ ಮೀನಿನಂತೆಯೇ. ಆದರೆ ಅದನ್ನು ಯಾವುದರಲ್ಲಿ ನೆನೆಸಿಟ್ಟಿದ್ದಾರೆ ಎಂದು ಕೇಳಬೇಕು.

ಮೀನಲ್ಲದ ಜಲಚರಗಳ ವಿಷಯದಲ್ಲಿ ದಾರಿಗಳು ಕವಲೊಡೆಯುತ್ತವೆ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ನಾವು ಬಹುಪಾಲು ಹನಫಿಗಳು. ಹನಫಿ ಪಂಥದಲ್ಲಿ ನೀರಿನ ಜೀವಿಗಳ ಪೈಕಿ ಮೀನಿಗೆ ಮಾತ್ರ ಅನುಮತಿ. ಏಡಿ, ಆಕ್ಟೋಪಸ್, ಚಿಪ್ಪಿನ ಜೀವಿಗಳು, ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್ ಇವು ಬೇಡ. ಸಿಗಡಿ ಮೀನಿನ ಜಾತಿಯೋ ಅಲ್ಲವೋ ಎಂಬ ಚರ್ಚೆ ಹಳೆಯದು. ತಿನ್ನಬಹುದು ಎನ್ನುವ ಹನಫಿ ಉಲಮಾಗಳೂ (ಧರ್ಮವಿದ್ವಾಂಸರೂ) ಇದ್ದಾರೆ, ಬಿಡುವುದೇ ಒಳಿತು ಎನ್ನುವವರೂ ಇದ್ದಾರೆ. ಭಟ್ಕಳದ ನವಾಯತರು, ಮಂಗಳೂರು ಕಡೆಯ ಬ್ಯಾರಿಗಳು ಶಾಫಿ ಪಂಥದವರು. ಅವರಿಗೆ ಸಮುದ್ರದ ಬಹುತೇಕ ಜೀವಿಗಳೂ ಸಮ್ಮತ. ಶಿಯಾಗಳು ಮೈಮೇಲೆ ಪೊರೆ (ಹುರುಪೆ) ಇರುವ ಮೀನನ್ನು ಮಾತ್ರ ತಿನ್ನುತ್ತಾರೆ, ಸಿಗಡಿ ಅವರಿಗೆ ನಡೆಯುತ್ತದೆ. ಮೂವರು ಗೆಳತಿಯರು ಒಂದೇ ತಟ್ಟೆಯ ಮುಂದೆ ಕೂತರೆ ಮೂವರ ಉತ್ತರವೂ ಬೇರೆಯಾಗಬಹುದು. ಅದರಲ್ಲಿ ಜಗಳಕ್ಕೇನೂ ಇಲ್ಲ.

ಮೆನುವಿನಲ್ಲಿ "ಕ್ರ್ಯಾಬ್ ಸ್ಟಿಕ್" ಎಂದು ಓದಿ ಹಲವರು ಹಿಂದೆ ಸರಿಯುತ್ತಾರೆ. ಅದನ್ನು ಮಾಡುವುದು ಸಾಮಾನ್ಯವಾಗಿ ಪೊಲಾಕ್‌ನಂಥ ಬಿಳಿ ಮೀನನ್ನು ಅರೆದ ಮುದ್ದೆಯಿಂದ, ಏಡಿ ಇರುವುದು ಹೆಸರಿನಲ್ಲಿ. ಆದರೂ ಕೆಲವು ಕಂಪನಿಗಳು ರುಚಿಗಾಗಿ ಏಡಿಯ ಸಾರ, ಮಿರಿನ್ ಎಂಬ ಅಕ್ಕಿಯ ಮದ್ಯ, ಕೆಂಪು ಬಣ್ಣ ಸೇರಿಸುತ್ತವೆ. ಪೊಟ್ಟಣದ ಮೇಲೆ ಸೇರ್ಪಡೆಗಳ ಸಂಕೇತವಾದ ಐಎನ್‌ಎಸ್ 120 ಎಂದಿದ್ದರೆ ಅದು ಕೊಚಿನಿಯಲ್ ಎಂಬ ಕೀಟದಿಂದ ತೆಗೆದ ಕಾರ್ಮೈನ್ ಬಣ್ಣ. ಹನಫಿ ಉಲಮಾಗಳು ಸಾಮಾನ್ಯವಾಗಿ ಇದನ್ನು ಒಪ್ಪುವುದಿಲ್ಲ. ಗುಲಾಬಿ ಶುಂಠಿಯ ಡಬ್ಬಿಯಲ್ಲೂ ಬಣ್ಣದ ಸಂಖ್ಯೆ ನೋಡಿಕೊಳ್ಳಿ.

ಹೂರಣ ಕೋಳಿಯದ್ದಾದರೆ ಜಬಹ್‌ನ ಪ್ರಶ್ನೆ ಎಂದಿನಂತೆಯೇ.

ಮೂರನೆಯದು, ಮುಖ್ಯವಾದದ್ದು: ಅನ್ನ ಮತ್ತು ಸಾಸ್

ಗಂಗಾವತಿ, ಸಿಂಧನೂರಿನ ಭತ್ತದ ನಾಡಿನವರಿಗೆ ಅನ್ನದ ಮೇಲೆ ಅನುಮಾನ ಪಡುವುದೇ ವಿಚಿತ್ರ. ನನಗೂ ಹಾಗೇ ಅನಿಸಿತ್ತು. ರಜೆಗೆ ಬಂದ ಹುಡುಗಿ "ಸುಶಿ ಅನ್ನಕ್ಕೆ" ಎಂದು ಬರೆದಿದ್ದ ಬಾಟಲಿಯೊಂದನ್ನು ತಂದಿದ್ದಳು. ಕಿಟಕಿಯ ಬೆಳಕಿಗೆ ಹಿಡಿದೆ. ಚೀಟಿಯ ಅಕ್ಷರ ಸಾಸಿವೆಗಿಂತ ಸಣ್ಣದು, ಕನ್ನಡಕ ಹಾಕಿಕೊಂಡರೂ ಸಾಲದೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿದೆವು. ಸಿರ್ಕಾ, ಸಕ್ಕರೆ, ಉಪ್ಪು, ನಾಲ್ಕನೆಯದು ಮಿರಿನ್.

ಮಿರಿನ್ ಎಂದರೆ ಅಕ್ಕಿಯಿಂದ ಮಾಡುವ ಸಿಹಿ ಮದ್ಯ. ಅಸಲಿ ಮಿರಿನ್‌ನಲ್ಲಿ ಸುಮಾರು ಶೇ 14ರಷ್ಟು ಆಲ್ಕೋಹಾಲ್ ಇರುತ್ತದೆ. ಸಾಕೆ ಕೂಡ ಅಕ್ಕಿಯ ಮದ್ಯವೇ. ಕೆಲವು ಅಡುಗೆಯವರು ಅನ್ನಕ್ಕೆ ಇವನ್ನು ಚೂರು ಹಾಕುತ್ತಾರೆ. ತೆರಿಯಾಕಿ ಸಾಸ್, ಹಾವುಮೀನಿಗೆ ಸವರುವ ಕಂದು ಸಾಸ್, ಸಿಹಿ ಮೊಟ್ಟೆಯ ಪದರ ಇವುಗಳಲ್ಲಂತೂ ಮಿರಿನ್ ಬಳಕೆ ಮಾಮೂಲು. "ಕುದಿಸಿದರೆ ಹಾರಿಹೋಗುತ್ತದೆ" ಎಂಬ ಸಮಾಧಾನ ಬೇಡ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ 15 ನಿಮಿಷ ಕುದಿಸಿದ ಮೇಲೂ ಹಾಕಿದ ಆಲ್ಕೋಹಾಲ್‌ನ ಶೇ 40ರಷ್ಟು ಉಳಿದಿರುತ್ತದೆ. ಅದಿಲ್ಲದಿದ್ದರೂ ಮದ್ಯವನ್ನು ಬೇಕೆಂದೇ ಅಡುಗೆಗೆ ಸುರಿಯುವುದನ್ನು ಉಲಮಾಗಳು ಒಪ್ಪುವುದಿಲ್ಲ.

ಹಾಗಾದರೆ ಸಿರ್ಕಾ? ಅದೂ ಹುಳಿಯುವ ಮೊದಲು ಮದ್ಯದ ಹಂತ ದಾಟಿಯೇ ಬರುತ್ತದೆ. ಆದರೆ ಪೂರ್ತಿ ಬದಲಾಗಿ ಹುಳಿಯಾದ ಮೇಲೆ ಅದರ ಹುಕುಮೂ, ಅಂದರೆ ಧಾರ್ಮಿಕ ತೀರ್ಪೂ, ಬದಲಾಗುತ್ತದೆ. ಸಿರ್ಕಾ ಒಳ್ಳೆಯ ವ್ಯಂಜನ ಎಂದು ಪ್ರವಾದಿಯವರು ಹೊಗಳಿದ ಮಾತು ಹದೀಸ್ ಸಂಗ್ರಹವಾದ ಸಹೀಹ್ ಮುಸ್ಲಿಮ್‌ನಲ್ಲಿದೆ. ಅಕ್ಕಿಯ ಸಿರ್ಕಾ ನಿಶ್ಚಿಂತೆಯಿಂದ ಬಳಸಿ.

ಸೋಯಾ ಸಾಸ್ ತಿಂಗಳುಗಟ್ಟಲೆ ಹುದುಗುವಾಗ ತಾನಾಗಿಯೇ ಶೇ 2ರ ಆಸುಪಾಸು ಆಲ್ಕೋಹಾಲ್ ಹುಟ್ಟುತ್ತದೆ. ಅದು ಮದ್ಯವೆಂದು ಮಾಡಿದ್ದಲ್ಲ, ಅಮಲೂ ಏರುವುದಿಲ್ಲ ಎಂದು ಅನೇಕ ಉಲಮಾಗಳು ಒಪ್ಪುತ್ತಾರೆ. ಕೆಡದಿರಲೆಂದು ಪ್ರತ್ಯೇಕವಾಗಿ ಆಲ್ಕೋಹಾಲ್ ಸೇರಿಸಿದ ಬಾಟಲಿಗಳೂ ಇವೆ. ಚೀಟಿಯಲ್ಲಿ ಆ ಪದ ಕಂಡರೆ ನಾನು ಬಿಟ್ಟುಬಿಡುತ್ತೇನೆ. ನೀವು ನಂಬುವ ಮುಫ್ತಿಯವರಿಗೆ ಚೀಟಿಯ ಫೋಟೊ ತೋರಿಸಿಯೇ ಕೇಳಿ.

ಹೋಟೆಲಿಗೆ ಹೋಗುವ ಮುನ್ನ

ಫೋನ್ ಮಾಡಿ. "ಹಲಾಲ್ ಇದೆಯಾ?" ಎಂದು ಕೇಳಿದರೆ "ಇದೆ ಮೇಡಂ" ಎಂಬ ಉತ್ತರ ಸಲೀಸಾಗಿ ಬಂದುಬಿಡುತ್ತದೆ, ಅವರು ಹೇಳುತ್ತಿರುವುದು ಕೋಳಿಯ ಬಗ್ಗೆ ಮಾತ್ರ ಇರಬಹುದು. ನಾವು ಹೀಗೆ ಕೇಳುತ್ತೇವೆ: ಅನ್ನಕ್ಕೆ ಮಿರಿನ್ ಅಥವಾ ಸಾಕೆ ಹಾಕುತ್ತೀರಾ? ಸೋಯಾ ಸಾಸ್ ಬಾಟಲಿಯ ಫೋಟೊ ಕಳಿಸುತ್ತೀರಾ? ಹಂದಿಮಾಂಸ ಕೊಯ್ಯುವ ಚಾಕು, ಹಲಗೆ ಬೇರೆ ಇವೆಯಾ? ಹಿಟ್ಟಿನಲ್ಲಿ ಅದ್ದಿ ಮಾಡುವ ಟೆಂಪುರಾ ಕರಿಯುವ ಎಣ್ಣೆ ಯಾವುದು? ಕಿರಿಕಿರಿ ಎಂದುಕೊಳ್ಳದೆ ಉತ್ತರಿಸುವವರು ಬೇಕಾದಷ್ಟು ಮಂದಿ ಇದ್ದಾರೆ, ಸಂಕೋಚ ಬೇಡ.

ಮನೆಯಲ್ಲೇ ಮಾಡುವುದಾದರೆ

ಕೃಷ್ಣಾ, ತುಂಗಭದ್ರೆಯ ಮೀನನ್ನು ಯಾವ ಕಾರಣಕ್ಕೂ ಹಸಿಯಾಗಿ ಬಳಸಬೇಡಿ. ಸಿಹಿನೀರಿನ ಮೀನಿನಲ್ಲಿ ಮನುಷ್ಯರ ಹೊಟ್ಟೆ ಸೇರುವ ಪರೋಪಜೀವಿ ಹುಳುಗಳಿರಬಹುದು. ಹಸಿಯಾಗಿ ತಿನ್ನುವ ಮೀನನ್ನು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕು, ನಮ್ಮ ಮನೆಯ ಫ್ರಿಜ್ಜನ್ನು ಅದಕ್ಕೆ ನಂಬಲಾಗದು. ಕುರಾನ್ ಹಲಾಲ್ ಜತೆಗೆ ತಯ್ಯಿಬ್, ಅಂದರೆ ಶುದ್ಧವಾದದ್ದು, ಎಂಬ ಮಾತನ್ನೂ ಸೇರಿಸಿಯೇ ಹೇಳುತ್ತದೆ. ರೋಹುವಿನಲ್ಲಿ ಸಣ್ಣ ಮುಳ್ಳು ಜಾಸ್ತಿ. ಮುಳ್ಳು ಕಡಿಮೆ ಇರುವ ಕೊರಮೀನನ್ನು ಉಪ್ಪು, ಮೆಣಸು ಹಚ್ಚಿ ಹುರಿದು ಬಿಡಿಸಿಟ್ಟುಕೊಳ್ಳಿ.

ಅಕ್ಕಿ? ನಾವೆಲ್ಲ ಹಳೇ ಅಕ್ಕಿಗೆ ಹೆಚ್ಚು ದುಡ್ಡು ಕೊಡುತ್ತೇವೆ, ಅನ್ನ ಉದುರುದುರಾಗಲಿ ಎಂದು. ಇಲ್ಲಿ ಬೇಕಾದ್ದು ಅದಕ್ಕೆ ತದ್ವಿರುದ್ಧ. ಸುಶಿ ಅಕ್ಕಿ ಸಿಗದಿದ್ದರೆ ಈ ಸುಗ್ಗಿಯ ಹೊಸ ಸೋನಾ ಮಸೂರಿಯನ್ನೇ ಒಂದು ಹಿಡಿ ನೀರು ಹೆಚ್ಚು ಹಾಕಿ ಮೆತ್ತಗೆ ಬೇಯಿಸಿ. ಎರಡು ಲೋಟ ಅಕ್ಕಿಗೆ ನಾಲ್ಕು ದೊಡ್ಡ ಚಮಚ ಅಕ್ಕಿಯ ಸಿರ್ಕಾ, ಎರಡು ದೊಡ್ಡ ಚಮಚ ಸಕ್ಕರೆ, ಒಂದು ಚಿಕ್ಕ ಚಮಚ ಉಪ್ಪು. ಸಕ್ಕರೆ ಕರಗುವಷ್ಟು ಬಿಸಿ ಮಾಡಿ, ಬಿಸಿ ಅನ್ನಕ್ಕೆ ಚಿಮುಕಿಸಿ, ಅಗುಳು ಒಡೆಯದಂತೆ ಮೊಗಚಿ, ಫ್ಯಾನಿನ ಕೆಳಗೆ ಆರಲು ಬಿಡಿ.

ಬಿದಿರಿನ ಚಾಪೆಯ ಮೇಲೆ ನೋರಿ ಹಾಸಿ, ಒದ್ದೆ ಕೈಯಿಂದ ಅನ್ನ ತೆಳ್ಳಗೆ ಹರಡಿ. ಆಚೆ ಅಂಚಿನಲ್ಲಿ ಒಂದು ಬೆರಳಗಲ ಖಾಲಿ ಬಿಡಿ. ಮೀನು, ಸೌತೆಕಾಯಿ ಇಟ್ಟು ಬಿಗಿಯಾಗಿ ಸುತ್ತಿ. ಪ್ರತಿ ಸಲ ಚಾಕುವನ್ನು ನೀರಿಗೆ ಅದ್ದಿ ಕತ್ತರಿಸಿ, ಇಲ್ಲದಿದ್ದರೆ ಅನ್ನ ಮೆತ್ತಿಕೊಂಡು ಹಾಳೆ ಹರಿಯುತ್ತದೆ. ನಮ್ಮ ಮೊದಲ ಸುರುಳಿ ಹರಿದಿತ್ತು, ಮೂರನೆಯದು ನೆಟ್ಟಗೆ ಬಂತು. ಅದರ ತಟ್ಟೆಯ ಫೋಟೊವನ್ನು ಹುಡುಗಿ ಬೆಂಗಳೂರಿನ ಗೆಳತಿಯರಿಗೆ ಕಳಿಸಿದಳು.