ಓಉ ಪರ್ವತಸಾಲನ್ನು ರೈಲಿನಲ್ಲಿ ಅಡ್ಡ ದಾಟಿದೆ

ಜಪಾನಿನ ಹೊನ್‌ಶೂ ದ್ವೀಪದ ಉತ್ತರ ಭಾಗವನ್ನು ಓಉ ಪರ್ವತಸಾಲು ಉದ್ದಕ್ಕೂ ಎರಡಾಗಿ ಸೀಳುತ್ತದೆ. ಅಓಮೊರಿಯಿಂದ ದಕ್ಷಿಣಕ್ಕೆ ಸುಮಾರು 500 ಕಿ.ಮೀ. ಹೆಚ್ಚಿನವರು ಹೋಗುವುದು ಇವಾತೆಯಂಥ ಶಿಖರ ಹತ್ತಲು. ಅದು 2,038 ಮೀಟರ್, ಈ ಸಾಲಿನಲ್ಲೇ ಎತ್ತರ. ಆದರೆ ಸಾಲು ಏನು ಕೆಲಸ ಮಾಡುತ್ತದೆ ಅಂತ ತಿಳಿಯಬೇಕಾದರೆ ಅಡ್ಡ ದಾಟಬೇಕು, ಅದೂ ಚಳಿಗಾಲದಲ್ಲಿ.

ನಾನು ಹಿಡಿದಿದ್ದು ಕಿತಾಕಾಮಿ ಲೈನ್. ಸಾಲಿನ ಪೂರ್ವಕ್ಕಿರುವ ಕಿತಾಕಾಮಿಯಿಂದ ಪಶ್ಚಿಮದ ಯೊಕೊತೆಗೆ 61 ಕಿ.ಮೀ., ಪುಟ್ಟ ಡೀಸೆಲ್ ರೈಲು. ಫೆಬ್ರವರಿ ತಿಂಗಳು. ಕಿತಾಕಾಮಿಯಲ್ಲಿ ಬಿಸಿಲಿತ್ತು, ಗದ್ದೆಗಳ ಮೇಲೆ ತೆಳುವಾಗಿ ಹಿಮ. ವಾಗಾ ನದಿಯ ಕಣಿವೆ ಕಿರಿದಾಗುತ್ತಾ ಹೋಯಿತು. ಒಂದೊಂದು ಸುರಂಗ ದಾಟಿದ ಹಾಗೆಲ್ಲ ಆಕಾಶ ಬೂದಿ ಬಣ್ಣಕ್ಕೆ ತಿರುಗಿತು. ಹೊತ್ತೊ ಯುದಾ ಸ್ಟೇಷನ್ ಬರುವಷ್ಟರಲ್ಲಿ ಕಿಟಕಿಯ ಪಕ್ಕ ಹಿಮದ ಗೋಡೆ.

ಕಾರಣ ಸರಳ. ಚಳಿಗಾಲದಲ್ಲಿ ಸೈಬೀರಿಯಾದ ಒಣ ಗಾಳಿ ಜಪಾನ್ ಸಮುದ್ರ ದಾಟಿ ಬರುತ್ತದೆ. ಅಲ್ಲಿ ತ್ಸುಶಿಮಾ ಎಂಬ ಬೆಚ್ಚನೆಯ ಸಮುದ್ರ ಪ್ರವಾಹ ಇದೆ. ಗಾಳಿ ತೇವ ಹೀರುತ್ತದೆ, ಬೆಟ್ಟಕ್ಕೆ ತಾಗಿ ಮೇಲೇರುತ್ತದೆ, ಹೊತ್ತು ತಂದಿದ್ದನ್ನೆಲ್ಲ ಹಿಮವಾಗಿ ಸುರಿಸುತ್ತದೆ. ಪೂರ್ವಕ್ಕೆ ಇಳಿಯುವಾಗ ಮತ್ತೆ ಒಣಗಿರುತ್ತದೆ. ಆಗುಂಬೆಯಲ್ಲಿ ಮಳೆ ಹೊಯ್ದು ಚಿತ್ರದುರ್ಗ ಒಣಗುತ್ತದಲ್ವಾ, ಅದೇ ಲೆಕ್ಕ.

ಹೊತ್ತೊ ಯುದಾದಲ್ಲಿ ಇಳಿಯಲೇಬೇಕು. ಸ್ಟೇಷನ್ ಕಟ್ಟಡದ ಒಳಗೇ ಬಿಸಿನೀರಿನ ಬುಗ್ಗೆಯ ಸ್ನಾನ. ಗೋಡೆಯ ಮೇಲೆ ಸಿಗ್ನಲ್ ದೀಪ: ರೈಲಿಗೆ 45 ನಿಮಿಷ ಇದ್ದಾಗ ಹಸಿರು, ಅರ್ಧ ಗಂಟೆಗೆ ಹಳದಿ, ಕಾಲು ಗಂಟೆಗೆ ಕೆಂಪು. ಹಳದಿ ಬಂದ ಕೂಡಲೇ ಎದ್ದುಬಿಡಿ, ಬಟ್ಟೆ ಹಾಕಿಕೊಳ್ಳಲು ಹೊತ್ತು ಬೇಕು. ಓಉ ಸಾಲು ಜ್ವಾಲಾಮುಖಿಗಳ ಸಾಲು, ಬಿಸಿನೀರು ಇಲ್ಲಿ ಊರೂರಿಗೂ ಇದೆ.

ಆಮೇಲೆ ನನಗೆ ತುಂಬಾ ಇಷ್ಟವಾದ ಭಾಗ. ಸರ್ಕಾರಿ ಭೂಪಟ ಸಂಸ್ಥೆಯ ನಕ್ಷೆ ಆನ್‌ಲೈನ್‌ನಲ್ಲಿ ಉಚಿತ, ಅದನ್ನು ಫೋನಿನಲ್ಲಿ ತೆರೆದಿಟ್ಟು ತೊರೆಗಳು ಯಾವ ಕಡೆ ಹರಿಯುತ್ತವೆ ಅಂತ ನೋಡುತ್ತಾ ಹೋದೆ. ಇಲ್ಲಿಯವರೆಗೆ ಎಲ್ಲಾ ನೀರು ವಾಗಾ ಮೂಲಕ ಕಿತಾಕಾಮಿ ನದಿಗೆ, ಅಲ್ಲಿಂದ ಪೆಸಿಫಿಕ್‌ಗೆ. ಅಕಿತಾ ಪ್ರಾಂತ್ಯದ ಗಡಿ ದಾಟುವ ಹೊತ್ತಿಗೆ ದಿಕ್ಕು ಬದಲಾಯಿತು. ಮುಂದಿನ ನೀರೆಲ್ಲ ಒಮೊನೊ ನದಿ ಸೇರಿ ಜಪಾನ್ ಸಮುದ್ರಕ್ಕೆ. ದೊಡ್ಡ ಘಟ್ಟ ಹತ್ತಿದ ಅನುಭವವೇ ಆಗುವುದಿಲ್ಲ, ಆದರೂ ಇಡೀ ದ್ವೀಪದ ನೀರು ಅಲ್ಲಿ ಪಾಲಾಗುತ್ತದೆ. ಯೊಕೊತೆಯಲ್ಲಿ ಇಳಿದಾಗ ಹಿಮ ಸುರಿಯುತ್ತಲೇ ಇತ್ತು.

ಹೋಗುವವರು ಫೆಬ್ರವರಿ ಮಧ್ಯಭಾಗ ನೋಡಿಕೊಳ್ಳಿ, ಯೊಕೊತೆಯಲ್ಲಿ ಹಿಮದ ಗುಡಿಸಲುಗಳ ಕಾಮಾಕುರಾ ಹಬ್ಬ. ರೂಮು ಮೊದಲೇ ಬುಕ್ ಮಾಡಿ. ರೈಲುಗಳು ಕಡಿಮೆ, ಹಿಮ ಜಾಸ್ತಿಯಾದರೆ ನಿಲ್ಲುತ್ತವೆ. ಅದೇ ದಿನ ಫ್ಲೈಟ್ ಇಟ್ಟುಕೊಳ್ಳಬೇಡಿ.